ಎಳೆವಯಸ್ಸಿನ ಹೃದಯಾಘಾತ: ರಕ್ತದ ಕಿರುಬಿಲ್ಲೆಗಳ ಕಥೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ದಿನದ ಒಂದು ಮುಂಜಾನೆಯನ್ನು ನೆನೆಯಿರಿ. ಚೀಲದ ಮೇಲೆ ಚೀಲ; ಗಾಳಿಯಲ್ಲೆಲ್ಲ ಘಾಟು; ಅಲ್ಲಲ್ಲಿ ಸೀನು, ಕೆಮ್ಮು, ಲೆಕ್ಕದ ಗದ್ದಲ. ಅಡತಿ ಅಂಗಡಿಯೊಂದರಲ್ಲಿ ಪಟ್ಟಿ ಬರೆಯುವ ಮೂವತ್ತೆಂಟು ವರ್ಷದ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ರಾತ್ರಿಯ ನಿದ್ದೆ ಅರ್ಧ, ಮುಂಜಾನೆ ಚಹದ ಜೊತೆಗೆ ಮಿರ್ಚಿ, ಮಂಡಕ್ಕಿ, ನಡುನಡುವೆ ಸಿಗರೇಟು. ಒಮ್ಮೆಲೆ ಎದೆಯ ನಟ್ಟನಡುವೆ ಯಾರೋ ಚೀಲ ಹೇರಿದಂಥ ಭಾರ, ಎಡಗೈಯಲ್ಲಿ ಸೆಳೆತ, ಮೈಯೆಲ್ಲ ತಣ್ಣನೆಯ ಬೆವರು. ಅವನು ಏನೆಂದಾನು? “ಗ್ಯಾಸ್ ಆಗೈತಿ, ಬ್ಯಾರೆ ಏನಿಲ್ಲ” ಎಂದಾನು. ಒಂದು ಸೋಡಾ ಕುಡಿದು ಗಾದಿಗೆ ಒರಗಿಯಾನು. ಸುತ್ತಲಿನವರೂ ಹೌದೆಂದಾರು. ಮೂವತ್ತೆಂಟರ ಗಟ್ಟಿಮುಟ್ಟಾದ ಆಳಿಗೆ ಹೃದಯಾಘಾತವಾದೀತೆಂಬ ಮಾತು ಯಾರ ಮನಸ್ಸಿಗೂ ಸುಲಭವಾಗಿ ಬರುವುದಿಲ್ಲ.

ಆದರೆ ಬರಬೇಕಾದ ಕಾಲ ಬಂದಿದೆ. ಐವತ್ತೆರಡು ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನದ ಆಧಾರದ ಮೇಲೆ ದಕ್ಷಿಣ ಏಷ್ಯದವರ ಲೆಕ್ಕವನ್ನು 2007ರಲ್ಲಿ ಬೇರೆಯಾಗಿ ತೆಗೆದು ನೋಡಿದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮವರಲ್ಲಿ 53. ಉಳಿದ ದೇಶಗಳಲ್ಲಿ ಸುಮಾರು 59. ಐದಾರು ವರ್ಷ ಮೊದಲೇ ಈ ಬೇನೆ ನಮ್ಮ ಬಾಗಿಲು ತಟ್ಟುತ್ತದೆ. ಸರಾಸರಿಯೇ 53 ಎಂದಮೇಲೆ ನಲವತ್ತರ ಒಳಗಿನವರೂ ಅದರಲ್ಲಿ ಸೇರಿದ್ದಾರೆಂದು ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯು ಎಳೆವಯಸ್ಸಿನ ಹೃದ್ರೋಗಿಗಳಿಗೆಂದೇ ಪ್ರತ್ಯೇಕ ದಾಖಲೆಯನ್ನು ಇಡಬೇಕಾಗಿ ಬಂದದ್ದು ಈ ಕಾರಣದಿಂದಲೇ. ಅಲ್ಲಿ ಕಂಡುಬಂದವರಲ್ಲಿ ಬಹುಪಾಲು ಗಂಡಸರು. ಅವರ ಬೆನ್ನು ಹತ್ತಿದ ಕಾರಣಗಳಲ್ಲಿ ತಂಬಾಕಿಗೇ ಅಗ್ರಸ್ಥಾನ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೆಲ್ಲ ಬೆಚ್ಚಿಬಿದ್ದುದನ್ನು ನೀವು ಮರೆತಿರಲಾರಿರಿ. ಮುಂದೆ 2025ರ ಬೇಸಗೆಯ ಕೊನೆಗೆ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಸಾವಿನ ಸುದ್ದಿಗಳು ಬಂದವು. ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವೆಂದು ಹೇಳಿತು. ಕೋವಿಡ್ ಲಸಿಕೆಯೊಡನೆ ಇದಕ್ಕೆ ನಂಟು ಕಾಣಲಿಲ್ಲವೆಂದೂ, ಹಳೆಯ ಪರಿಚಯದ ಕಾರಣಗಳೇ ಇಲ್ಲಿಯೂ ಕೆಲಸ ಮಾಡಿವೆಯೆಂದೂ ತಿಳಿಸಿತು. ಆ ದಿನಗಳಲ್ಲಿ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲಿಯೇ ಸಾಲು ನಿಂತಿತ್ತು. ಭಯ ಜನರನ್ನು ಆಸ್ಪತ್ರೆಯ ಬಾಗಿಲಿನವರೆಗೆ ತಂದಿತು. ಆದರೆ ಭಯವೊಂದೇ ತಿಳಿವಳಿಕೆಯಲ್ಲ. ಎಳೆಯ ಎದೆಯಲ್ಲಿ ನಡೆಯುವುದಾದರೂ ಏನು? ಒಮ್ಮೆ ಬದುಕಿ ಉಳಿದವನು ಎರಡನೆಯ ಪೆಟ್ಟಿನಿಂದ ಪಾರಾಗುವುದು ಹೇಗೆ? ಇವೆರಡು ಪ್ರಶ್ನೆಗಳನ್ನು ಇಲ್ಲಿ ಬಿಡಿಸಿ ನೋಡೋಣ.

ಉತ್ತರದ ಅರ್ಧ ಪಾಲು ನಮ್ಮ ರಕ್ತದಲ್ಲಿಯೇ ಇದೆ. ‘ಪ್ಲೇಟ್‌ಲೆಟ್’ ಎಂಬ ಮಾತು ಈಗ ನಿಮ್ಮ ಮನೆಗೆ ಹೊಸದಲ್ಲ. ಡೆಂಗೀ ಜ್ವರ ಬಂದ ಮನೆಯಲ್ಲಿ “ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿದೆ?” ಎಂದು ನೆರೆಯವರೂ ಕೇಳುತ್ತಾರೆ. ಕನ್ನಡದಲ್ಲಿ ಅದನ್ನು ಕಿರುಬಿಲ್ಲೆ ಎನ್ನೋಣ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎರಡು ಮೂರು ಪಾಲಿನಷ್ಟು ಅಗಲ, ಅಷ್ಟೇ ಅದರ ಗಾತ್ರ. ಒಂದು ಮೈಕ್ರೋಲೀಟರು ರಕ್ತದಲ್ಲಿ, ಎಂದರೆ ಸೂಜಿಯ ಮೊನೆಗೆ ಹತ್ತುವಷ್ಟರಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇವು ಇರುತ್ತವೆ. ಎಲುಬಿನ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ಬಿಲ್ಲೆಗಳು ಹುಟ್ಟುತ್ತವೆ. ಏಳರಿಂದ ಹತ್ತು ದಿನ ತಿರುಗಾಡಿ ಮುಗಿದುಹೋಗುತ್ತವೆ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದೆ ಗುಳಿಗೆಯ ಮಾತು ಬಂದಾಗ ಬೇಕಾಗುತ್ತದೆ.

ಇವುಗಳ ಕೆಲಸವನ್ನು ಮೊದಲು ಕಣ್ಣಾರೆ ಕಂಡು ಸ್ಪಷ್ಟವಾಗಿ ಬರೆದವನು ಇಟಲಿಯ ಟ್ಯೂರಿನ್ ನಗರದ ವೈದ್ಯ ಜೂಲಿಯೋ ಬಿಜ್ಜೋಜೆರೋ. 1882ರಲ್ಲಿ ಅವನು, ಗಾಯಗೊಂಡ ರಕ್ತನಾಳದ ಗೋಡೆಗೆ ಮೊದಲು ಹೋಗಿ ಅಂಟಿಕೊಳ್ಳುವವು ಈ ಬಿಲ್ಲೆಗಳೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಸಿದನು.

ಅಂಟುವ ಬಗೆಯನ್ನು ಒಂದು ಹೋಲಿಕೆಯಿಂದ ಹೇಳುವೆ. ನಮ್ಮ ಕಡೆಗೆ ತುಂಗಾ ಮೇಲ್ದಂಡೆಯ ಕಾಲುವೆ ಹರಿದಿದೆ. ಕಾಲುವೆಯ ಏರಿ ಎಲ್ಲಿಯಾದರೂ ಒಡೆಯಿತೆನ್ನಿರಿ. ಹತ್ತಿರದ ಹೊಲದವನು ಓಡಿಬಂದು ಸಿಕ್ಕಷ್ಟು ಮಣ್ಣು ಹಾಕುತ್ತಾನೆ. ಕೂಗು ಹಾಕಿ ನಾಲ್ವರನ್ನು ಕರೆಯುತ್ತಾನೆ. ಅವರು ಮತ್ತೆ ಹತ್ತು ಜನರನ್ನು ಕರೆಯುತ್ತಾರೆ. ಮಣ್ಣು, ಕಲ್ಲು, ಕಣಿಕೆ ಎಲ್ಲವೂ ಬಿದ್ದು ಒಡಕು ಮುಚ್ಚುತ್ತದೆ. ಕಿರುಬಿಲ್ಲೆಗಳದೂ ಇದೇ ರೀತಿ. ನಾಳದ ಒಳಪದರ ಹರಿದೊಡನೆ ಹತ್ತಿರದ ಬಿಲ್ಲೆಗಳು ಅಲ್ಲಿ ಅಂಟುತ್ತವೆ. ಕೈಕಾಲು ಚಾಚಿದಂತೆ ಆಕಾರ ಬದಲಿಸುತ್ತವೆ. ತಮ್ಮೊಳಗಿನ ರಾಸಾಯನಿಕಗಳನ್ನು ಹೊರಗೆ ಚೆಲ್ಲಿ ಇತರ ಬಿಲ್ಲೆಗಳನ್ನು ಕರೆಯುತ್ತವೆ. ಕೊನೆಗೆ ರಕ್ತದಲ್ಲಿಯ ನಾರು ಅವುಗಳ ಸುತ್ತ ಬಲೆ ನೇಯುತ್ತದೆ. ಕುಡುಗೋಲು ತಾಗಿದ ಬೆರಳಿನ ರಕ್ತ ಕೆಲವು ನಿಮಿಷಗಳಲ್ಲಿ ನಿಲ್ಲುವುದು ಹೀಗೆಯೇ. ಇದು ಜೀವರಕ್ಷಕ ವ್ಯವಸ್ಥೆ.

ಆದರೆ ಅದೇ ಮಣ್ಣು, ಅದೇ ಕಣಿಕೆ ಕಾಲುವೆಯ ನಡುವೆಯೇ ಬಿದ್ದು ಗುಡ್ಡೆಯಾದರೆ? ಕೆಳಗಿನ ಹೊಲಕ್ಕೆ ಹನಿ ನೀರೂ ಇಲ್ಲ. ನಿಂತ ಪೈರು ಒಣಗುತ್ತದೆ. ಹೃದಯಕ್ಕೆ ರಕ್ತ ಉಣಿಸುವ ಕಿರೀಟ ಧಮನಿಗಳು ಮುಖ್ಯವಾಗಿ ಮೂರು; ಒಂದೊಂದರ ಬಾಯಿ ಮೂರು ನಾಲ್ಕು ಮಿಲಿಮೀಟರು. ಅಷ್ಟು ಸಣ್ಣ ಕಾಲುವೆಯಲ್ಲಿ ಹೆಪ್ಪು ಕಟ್ಟಿಕೊಂಡರೆ ಅದರ ಕೆಳಗಿನ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಇದಕ್ಕೇ ಹೃದಯಾಘಾತವೆಂದು ಹೆಸರು.

ಹೃದಯಾಘಾತವೆಂದರೆ ವಯಸ್ಸಾದಂತೆ ಕೊಳವೆಯಲ್ಲಿ ಜಿಡ್ಡು ತುಂಬಿ ತುಂಬಿ ಒಂದು ದಿನ ಪೂರ್ತಿ ಮುಚ್ಚಿಹೋಗುವುದೆಂದು ಹಲವರು ತಿಳಿದಿದ್ದಾರೆ. ಅದು ಪೂರ್ಣ ಸತ್ಯವಲ್ಲ. ನಾಳದ ಗೋಡೆಯಲ್ಲಿ ಕೊಬ್ಬಿನ ಗಂಟು ಬೆಳೆದಿರುವುದು ಸಾಮಾನ್ಯವಾಗಿ ನಿಜ. ಆದರೆ ಅದು ದಾರಿಯನ್ನು ಅರ್ಧ ಸಹ ಮುಚ್ಚದೆ ಇದ್ದೀತು. ಅಂಥ ಗಂಟಿನ ತೆಳುವಾದ ಹೊದಿಕೆ ಒಂದು ದಿನ ಬಿರಿಯುತ್ತದೆ, ಇಲ್ಲವೆ ಅದರ ಮೇಲಿನ ಪದರ ಸವೆದು ಹೋಗುತ್ತದೆ. ಕಿರುಬಿಲ್ಲೆಗಳು ಅದನ್ನು ಗಾಯವೆಂದು ಬಗೆದು ದಂಡುಗಟ್ಟಿ ಬರುತ್ತವೆ. ಎಳೆಯ ರೋಗಿಗಳಲ್ಲಿ ಈ ಬಗೆಯೇ ಹೆಚ್ಚು. ಅನೇಕ ವೇಳೆ ಒಂದೇ ನಾಳದಲ್ಲಿ ತೊಂದರೆ. ಹಳೆಯ ಸುಣ್ಣಗಟ್ಟಿದ ಗಂಟುಗಳು ಕಡಿಮೆ. ಹೊಸ ಹೆಪ್ಪು ಮಾತ್ರ ದೊಡ್ಡದು. ಹಿಂದಿನ ದಿನದವರೆಗೂ ಎದೆನೋವಿನ ಸುಳಿವಿರುವುದಿಲ್ಲ. “ನಿನ್ನೆ ಚೆನ್ನಾಗಿಯೇ ಇದ್ದನಲ್ಲ!” ಎಂಬ ಉದ್ಗಾರದ ಹಿಂದಿನ ಗುಟ್ಟು ಇದು.

ಹಾಗಾದರೆ ಪ್ರತಿಯೊಬ್ಬರ ಬಿಲ್ಲೆಗಳೂ ಒಂದೇ ಅವಸರದಲ್ಲಿರುತ್ತವೆಯೇ? ಇಲ್ಲ. ಇಲ್ಲಿ ಡೆಂಗೀ ಜ್ವರದ ಲೆಕ್ಕ ಉಪಯೋಗಕ್ಕೆ ಬಾರದು. ಹೃದಯಾಘಾತವಾದ ಬಹುಜನರಲ್ಲಿ ಬಿಲ್ಲೆಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ; ಕೆಟ್ಟಿರುವುದು ಅವುಗಳ ಸ್ವಭಾವ. ಕೆಲವರ ಬಿಲ್ಲೆಗಳು ಶಾಂತ. ಕೆಲವರವು ಸಣ್ಣ ನೆಪಕ್ಕೂ ಸಿಡಿದೇಳುವ ಮುಂಗೋಪಿಗಳು.

ಈ ಸ್ವಭಾವವನ್ನು ಅಳೆಯುವ ಉಪಾಯವನ್ನು 1962ರಲ್ಲಿ ಗುಸ್ತಾವ್ ಬಾರ್ನ್ ಎಂಬ ವಿಜ್ಞಾನಿ ಪ್ರಕಟಿಸಿದನು. ಅದು ಎಷ್ಟು ಸರಳವೆಂದರೆ ನಮ್ಮ ಅಜ್ಜಿಯರಿಗೂ ಅರ್ಥವಾಗುವಂತಹದು. ರಾಡಿ ನೀರಿನ ಕೊಡದಲ್ಲಿ ಪಟಿಕದ ತುಂಡನ್ನು ತಿರುವಿದರೆ ಏನಾಗುತ್ತದೆ? ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ನೀರು ತಿಳಿಯಾಗುತ್ತದೆ. ಬಾರ್ನ್ ಮಾಡಿದ್ದೂ ಇಷ್ಟೇ. ಕಿರುಬಿಲ್ಲೆಗಳು ತೇಲುತ್ತಿರುವ ಮಬ್ಬಾದ ರಕ್ತದ್ರವವನ್ನು ಗಾಜಿನ ನಳಿಕೆಯಲ್ಲಿಟ್ಟು ಒಂದು ಕಡೆಯಿಂದ ಬೆಳಕು ಬಿಟ್ಟನು. ಬಿಲ್ಲೆಗಳನ್ನು ಕೆಣಕುವ ವಸ್ತುವನ್ನು ಹನಿಸಿದನು. ಬಿಲ್ಲೆಗಳು ಗುಂಪುಗೂಡಿದಂತೆ ದ್ರವ ತಿಳಿಯಾಗಿ ಬೆಳಕು ಹೆಚ್ಚು ಹೊರಬಂದಿತು. ಎಷ್ಟು ಬೇಗ, ಎಷ್ಟು ಹೆಚ್ಚು ಎಂದು ಅಳೆದರೆ ಬಿಲ್ಲೆಗಳ ಮುಂಗೋಪದ ಅಳತೆ ಸಿಕ್ಕಿತು.

ಇಂಥ ಅಳತೆಗಳಿಂದ ಒಂದು ಮಹತ್ವದ ಸಂಗತಿ ಹೊರಬಿತ್ತು. ಹೃದಯಾಘಾತದಿಂದ ಬದುಕಿ ಉಳಿದ 149 ಜನರನ್ನು ಹಾಲೆಂಡಿನ ವೈದ್ಯರು ಐದು ವರ್ಷಗಳವರೆಗೆ ಗಮನಿಸಿ 1990ರಲ್ಲಿ ಪ್ರಕಟಿಸಿದರು. ಕೆಣಕದೆಯೇ ತಾವಾಗಿ ಗುಂಪುಗೂಡುವ ಬಿಲ್ಲೆಗಳು ಯಾರಲ್ಲಿದ್ದುವೋ ಅವರಲ್ಲಿ ಎರಡನೆಯ ಆಘಾತವೂ ಸಾವೂ ಉಳಿದವರಿಗಿಂತ ಬಹಳ ಹೆಚ್ಚಾಗಿದ್ದವು. ಎಂದರೆ, ಆಘಾತ ಒಮ್ಮೆ ಬಂದು ಹೋಯಿತೆಂದು ಬಿಲ್ಲೆಗಳ ಕೋಪ ಇಳಿದಿರುತ್ತದೆಂದು ನಂಬುವಂತಿಲ್ಲ.

ಅವುಗಳನ್ನು ಕೆಣಕುವವರು ಯಾರು? ಇಲ್ಲಿಗೆ ನಮ್ಮ ಉತ್ತರದ ಉಳಿದರ್ಧ ಬಂದಿತು. ಮೊದಲನೆಯವನು ತಂಬಾಕು. ಹೊಗೆಯಲ್ಲಿಯ ವಿಷ ನಾಳದ ನುಣುಪಾದ ಒಳಪದರವನ್ನು ಒರಟು ಮಾಡುತ್ತದೆ, ಬಿಲ್ಲೆಗಳನ್ನು ಅಂಟುಂಟಾಗಿಸುತ್ತದೆ. ದಿನಕ್ಕೆ ಒಂದೆರಡೇ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅಗಿಯುವವರು ತಾವು ಪಾರಾದೆವೆಂದು ತಿಳಿಯಬೇಡಿರಿ. ಬರಿಯ ಅಗಿಯುವ ತಂಬಾಕು ಕೂಡ ಹೃದಯಾಘಾತದ ಸಂಭವವನ್ನು ಎರಡು ಪಟ್ಟಿಗೂ ಮೀರಿ ಏರಿಸುತ್ತದೆಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಗುಟಕಾವನ್ನು ಕರ್ನಾಟಕದಲ್ಲಿ 2013ರಲ್ಲಿಯೇ ನಿಷೇಧಿಸಿದರು. ಆದರೆ ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಂಡು ಅಂಗೈಯಲ್ಲಿ ಕೂಡಿಸುವವನ ಎದೆಗೆ ಆ ನಿಷೇಧದಿಂದ ಏನು ರಕ್ಷಣೆ ದೊರೆತೀತು?

ಎರಡನೆಯದು ಸಕ್ಕರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಸಮೀಕ್ಷೆಯ ಮೇರೆಗೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಬೇನೆ, ಮತ್ತೆ 15.3 ಜನರು ಅದರ ಹೊಸ್ತಿಲಿನಲ್ಲಿದ್ದಾರೆ. ರಕ್ತದಲ್ಲಿ ಏರಿದ ಸಕ್ಕರೆಯು ಬಿಲ್ಲೆಯ ಹೊರಪೊರೆಗೇ ಹತ್ತಿಕೊಂಡು ಅದನ್ನು ಒರಟಾಗಿಸುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆರೋಗ್ಯವಂತನ ಮೈಯಲ್ಲಿ ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲ, ಬಿಲ್ಲೆಗಳಿಗೆ ಲಗಾಮನ್ನೂ ಹಾಕುತ್ತದೆ. ಬೊಜ್ಜು ಬೆಳೆದು ಮೈಯು ಇನ್ಸುಲಿನ್ನಿನ ಮಾತು ಕೇಳದಂತಾದಾಗ ಬಿಲ್ಲೆಗಳೂ ಲಗಾಮು ಹರಿದುಕೊಳ್ಳುತ್ತವೆ. ಆದ್ದರಿಂದ ಸಕ್ಕರೆ ಬೇನೆ ಎಂಬ ಹೆಸರು ಬೀಳುವ ಮೊದಲೇ, ಹೊಸ್ತಿಲಿನಲ್ಲಿರುವಾಗಲೇ, ಅಪಾಯದ ಬೀಜ ಮೊಳೆತಿರುತ್ತದೆ.

ಮೂರನೆಯದು ಹೊಟ್ಟೆಯ ಸುತ್ತಿನ ಕೊಬ್ಬು. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮ ಜನರ ವಿಶೇಷ ಲಕ್ಷಣ. ತಕ್ಕಡಿಯಲ್ಲಿ ತೂಕ ಸರಿಯಾಗಿಯೇ ಇದ್ದೀತು. ಟೇಪು ಹಿಡಿದು ಅಳೆದರೆ ನಿಜ ಹೊರಬೀಳುತ್ತದೆ. ಒಳಹೊಟ್ಟೆಯ ಕೊಬ್ಬು ಸುಮ್ಮನೆ ಕೂಡುವ ಗಂಟಲ್ಲ. ಅದು ರಕ್ತಕ್ಕೆ ಬಿಡುವ ವಸ್ತುಗಳಲ್ಲಿ ಕೆಲವು, ಕಟ್ಟಿದ ಹೆಪ್ಪು ತಾನಾಗಿ ಕರಗುವುದನ್ನು ತಡೆಯುತ್ತವೆ. ಇದರ ಜೊತೆಗೆ ರಕ್ತದಲ್ಲಿ ಕೆಟ್ಟ ಕೊಬ್ಬು ಏರಿ ಒಳ್ಳೆಯ ಕೊಬ್ಬು ಇಳಿದರೆ ನಾಳದ ಗೋಡೆಯಲ್ಲಿ ಗಂಟು ಬೆಳೆಯುತ್ತದೆ. ಏರಿದ ರಕ್ತದೊತ್ತಡವು ಆ ಗೋಡೆಗೆ ದಿನವೂ ಪೆಟ್ಟು ಕೊಡುತ್ತದೆ. ಹೀಗೆ ಒಬ್ಬನು ಬೆಂಕಿಗೆ ಕಟ್ಟಿಗೆ ಒಟ್ಟಿದರೆ ಇನ್ನೊಬ್ಬನು ಎಣ್ಣೆ ಹೊಯ್ಯುತ್ತಾನೆ.

ವೈದ್ಯರು ಇದಕ್ಕೆ ಐದು ಗುರುತುಗಳನ್ನು ಹೇಳಿದ್ದಾರೆ. ಬರೆದಿಟ್ಟುಕೊಳ್ಳಿರಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ಮುಟ್ಟಿದ್ದರೆ ಒಂದು. ಬರಿಹೊಟ್ಟೆಯ ಸಕ್ಕರೆ 100 ಅಥವಾ ಮೇಲಿದ್ದರೆ ಎರಡು. ರಕ್ತದೊತ್ತಡ 130/85 ಅಥವಾ ಮೇಲಿದ್ದರೆ ಮೂರು. ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಮೇಲಿದ್ದರೆ ನಾಲ್ಕು. ಎಚ್‌ಡಿಎಲ್ ಎಂಬ ಒಳ್ಳೆಯ ಕೊಬ್ಬು ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿದ್ದರೆ ಐದು. ಈ ಐದರಲ್ಲಿ ಮೂರು ಒಬ್ಬನಲ್ಲಿಯೇ ಕೂಡಿದ್ದರೆ, ಅವನಿಗೆ ಯಾವ ನೋವಿಲ್ಲದಿದ್ದರೂ, ಅವನು ಇಳಿಜಾರಿನ ದಾರಿಯಲ್ಲಿದ್ದಾನೆಂದೇ ಅರ್ಥ.

ಇಲ್ಲಿ ನಮ್ಮ ಮೂರು ಊರುಗಳ ಬಾಳುವೆಯನ್ನು ಒಂದಿಷ್ಟು ನೋಡಿಕೊಳ್ಳೋಣ. ರಾಣೇಬೆನ್ನೂರಿನ ಹತ್ತಿ, ಬೀಜಗಳ ವ್ಯಾಪಾರಿಯಾಗಲಿ, ಹಾವೇರಿಯ ಕಚೇರಿಯ ನೌಕರನಾಗಲಿ, ಬ್ಯಾಡಗಿಯ ಅಡತಿಯವನಾಗಲಿ ಇಂದು ಕುಳಿತೇ ದುಡಿಯುತ್ತಾನೆ. ಹೊಲದ ಮನೆಯವರಿಗೂ ಬೈಕು ಬಂದಿದೆ. ಬದುವಿನ ಮೇಲೆ ನಡೆಯುವುದು ಕಡಿಮೆಯಾಗಿದೆ. ಬಿಳಿಯ ಅನ್ನ, ಮೈದಾ, ಸಿಹಿ ಚಹ, ಸಂಜೆಯ ಕರಿದ ತಿನಿಸು ಇವು ದಿನಚರಿಯಾಗಿವೆ. ಬೆನ್ನ ಮೇಲೆ ಚೀಲ ಹೊರುವ ಹಮಾಲನಿಗೆ ಬೊಜ್ಜಿಲ್ಲ, ನಿಜ. ಆದರೆ ಮೈಮುರಿದ ದುಡಿಮೆಯು ಬೀಡಿಯ ಪಾಪವನ್ನು ತೊಳೆಯುವುದಿಲ್ಲ. ಇನ್ನು ಕೆಲವರು ಮೆಣಸಿನಕಾಯಿಯ ಮೇಲೆಯೇ ತಪ್ಪು ಹೊರಿಸುತ್ತಾರೆ. ಅದು ಅನ್ಯಾಯ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿಯೇ ಹೊರತು ಖಾರಕ್ಕಲ್ಲ. ಅದು ಯಾರ ಗುಂಡಿಗೆಯನ್ನೂ ಒಡೆದಿಲ್ಲ. ಅದರ ತಪ್ಪೇನಿದ್ದರೂ ಒಂದೇ: ಖಾರ ತಿಂದವನು ಎದೆಯಲ್ಲಿ ಎದ್ದ ನಿಜವಾದ ಬೇನೆಯನ್ನೂ ಖಾರದ ಉರಿಯೆಂದು ತಿಳಿದು ಹೊತ್ತು ಕಳೆಯುತ್ತಾನೆ.

ಇನ್ನು ಗುಳಿಗೆಯ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಾರೆನ್ಸ್ ಕ್ರೇವನ್ ಎಂಬ ಸಾಮಾನ್ಯ ವೈದ್ಯನಿದ್ದನು. ಗಂಟಲಿನ ಗ್ರಂಥಿ ತೆಗೆಸಿಕೊಂಡ ತನ್ನ ರೋಗಿಗಳಲ್ಲಿ ಆಸ್ಪಿರಿನ್ ಬೆರೆಸಿದ ಅಂಟನ್ನು ಹೆಚ್ಚು ಅಗಿದವರಿಗೆ ರಕ್ತ ಬೇಗ ನಿಲ್ಲದುದನ್ನು ಅವನು ಗಮನಿಸಿದನು. ರಕ್ತ ಸುರಿಯುವುದನ್ನು ನಿಲ್ಲಗೊಡದ ವಸ್ತು, ರಕ್ತ ಹೆಪ್ಪುಗಟ್ಟುವುದನ್ನೂ ತಡೆದೀತಲ್ಲವೇ ಎಂದು ತರ್ಕಿಸಿ ಸುಮಾರು 8,000 ಗಂಡಸರಿಗೆ ಆಸ್ಪಿರಿನ್ ಕೊಟ್ಟೆನೆಂದು 1950ರ ದಶಕದಲ್ಲಿ ಬರೆದನು. ಹೋಲಿಸಿ ನೋಡಲು ಗುಳಿಗೆ ಕೊಡದ ಇನ್ನೊಂದು ಗುಂಪಿರಲಿಲ್ಲವಾದುದರಿಂದ ಪಂಡಿತರು ಅವನ ಮಾತಿಗೆ ಕಿವಿಗೊಡಲಿಲ್ಲ. 1957ರಲ್ಲಿ ಅವನೇ ಹೃದಯಾಘಾತದಿಂದ ತೀರಿಕೊಂಡನು. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟನು. 1982ರಲ್ಲಿ ಅವನು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. 1988ರಲ್ಲಿ 17,187 ರೋಗಿಗಳ ಮೇಲಿನ ಪರೀಕ್ಷೆಯು, ಆಘಾತದ ಹೊತ್ತಿನಲ್ಲಿ ಕೊಟ್ಟ ಆಸ್ಪಿರಿನ್ ಮೊದಲ ಐದು ವಾರಗಳ ಸಾವನ್ನು ನೂರಕ್ಕೆ 23ರಷ್ಟು ಇಳಿಸುತ್ತದೆಂದು ಸಿದ್ಧಪಡಿಸಿತು. ಹಳ್ಳಿಯ ಅಂಗಡಿಯಲ್ಲಿಯೂ ಸಿಗುವ ಅಗ್ಗದ ಗುಳಿಗೆಗೆ ಇಂಥ ಶಕ್ತಿ!

ಆಸ್ಪಿರಿನ್ ಒಂದು ಬಿಲ್ಲೆಗೆ ತಾಗಿತೆಂದರೆ ಆ ಬಿಲ್ಲೆಯು ತನ್ನ ಆಯುಷ್ಯವಿರುವವರೆಗೂ ಇತರರನ್ನು ಕೂಗಿ ಕರೆಯುವ ಒಂದು ದಾರಿಯನ್ನು ಕಳೆದುಕೊಳ್ಳುತ್ತದೆ. ಆದರೆ ಮಜ್ಜೆಯಿಂದ ದಿನವೂ ಸುಮಾರು ಹತ್ತರಲ್ಲೊಂದು ಪಾಲು ಹೊಸ ಬಿಲ್ಲೆಗಳು ಬರುತ್ತಲೇ ಇರುತ್ತವೆಂದು ಮೊದಲೇ ಹೇಳಿದೆನಲ್ಲ? ಇಂದಿನ ಗುಳಿಗೆ ಇಂದಿನ ಬೆಳೆಗೆ. ನಾಳೆಯ ಬೆಳೆಗೆ ನಾಳೆಯ ಗುಳಿಗೆ. ನಾಲ್ಕು ದಿನ ತಪ್ಪಿಸಿದರೆ ಅಷ್ಟರಲ್ಲಿ ಲಗಾಮಿಲ್ಲದ ಹೊಸ ದಂಡೇ ಸಿದ್ಧವಾಗಿರುತ್ತದೆ. ಸಕ್ಕರೆ ಬೇನೆಯವರಲ್ಲಿ ಹೊಸ ಬಿಲ್ಲೆಗಳ ಹುಟ್ಟು ಇನ್ನೂ ಬೇಗ. ಕ್ಲೊಪಿಡೊಗ್ರೆಲ್ ಮೊದಲಾದ ಎರಡನೆಯ ಗುಳಿಗೆಯು ಇನ್ನೊಂದು ಕೂಗಿನ ದಾರಿಯನ್ನು ಮುಚ್ಚುತ್ತದೆ. ಆದುದರಿಂದಲೇ ಆಘಾತದ ಬಳಿಕ ಎರಡನ್ನೂ ಕೂಡಿಸಿ, ಸಾಮಾನ್ಯವಾಗಿ ಒಂದು ವರ್ಷದವರೆಗೆ, ಕೊಡುತ್ತಾರೆ. ಅವಧಿಯನ್ನು ವೈದ್ಯರೇ ನಿರ್ಧರಿಸುತ್ತಾರೆ. ಪ್ರತಿಯೊಬ್ಬ ರೋಗಿಯ ಬಿಲ್ಲೆಗಳನ್ನೂ ಅಳೆದು ಮದ್ದನ್ನು ಬದಲಿಸುವ ಪ್ರಯತ್ನಗಳು ನಡೆದವು. 2011 ಮತ್ತು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಆ ಅಳತೆ ಎಲ್ಲರಿಗೂ ಬೇಕಾಗಿಲ್ಲ. ಗುಳಿಗೆಯನ್ನು ತಪ್ಪದೆ ನುಂಗುವುದು ಎಲ್ಲರಿಗೂ ಬೇಕು.

ಬದುಕಿ ಬಂದವನು ಎಡವುವುದು ಇಲ್ಲಿಯೇ. ಆಸ್ಪತ್ರೆಯಿಂದ ಮನೆಗೆ ಬಂದಾಗ ಹೆದರಿಕೆಯಿರುತ್ತದೆ. ಗುಳಿಗೆಯ ಪೊಟ್ಟಣ ದೇವರ ಮಾಡದ ಹತ್ತಿರವೇ ಇರುತ್ತದೆ. ಮೂರು ತಿಂಗಳಿಗೆ ಮೈ ಹಗುರಾಗುತ್ತದೆ. ಅಂಗಡಿಗೆ ಹೋಗತೊಡಗುತ್ತಾನೆ. ಯಾರೋ ಅನ್ನುತ್ತಾರೆ: “ರಕ್ತ ತೆಳ್ಳಗೆ ಮಾಡುವ ಗುಳಿಗೆ ಬಹಳ ದಿನ ಒಳ್ಳೆಯದಲ್ಲ ನೋಡಪಾ.” ಗುಳಿಗೆ ನಿಲ್ಲುತ್ತದೆ; ಕೆಲವರಲ್ಲಿ ಹಿಂಬಾಗಿಲಿನಿಂದ ಸಿಗರೇಟು ಒಳಗೆ ಬರುತ್ತದೆ. ಧಮನಿಯಲ್ಲಿ ಸ್ಟೆಂಟ್ ಎಂಬ ಲೋಹದ ಜಾಳಿಗೆಯನ್ನು ಕೂಡಿಸಿದ್ದರೆ ಅವಧಿಗೆ ಮೊದಲೇ ಗುಳಿಗೆ ಬಿಡುವುದು ಜೀವಕ್ಕೇ ಎರವಾದೀತು. ಆ ಜಾಳಿಗೆಯ ಮೇಲೆಯೇ ಬಿಲ್ಲೆಗಳು ಮುತ್ತಿಕೊಳ್ಳುತ್ತವೆ. ಒಸಡಿನಲ್ಲಿ ರಕ್ತ ಕಂಡರೆ, ಹಲ್ಲು ಕೀಳಿಸಬೇಕಾದರೆ, ಹೊಟ್ಟೆ ಉರಿದರೆ ಹೃದಯದ ವೈದ್ಯರನ್ನು ಕೇಳಿರಿ, ನೀವಾಗಿ ನಿಲ್ಲಿಸಬೇಡಿರಿ. ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿರಿ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ಐಬುಪ್ರೊಫೆನ್‌ನಂಥ ಗುಳಿಗೆಗಳು ಆಸ್ಪಿರಿನ್ನಿನ ಕೆಲಸವನ್ನೇ ಕೆಡಿಸಬಲ್ಲವು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಳಿಗೆಯನ್ನು, ವರದಿ ಚೆನ್ನಾಗಿ ಬಂದಿದೆಯೆಂದು ಬಿಡುವುದೂ ತಪ್ಪು. ವರದಿ ಚೆನ್ನಾಗಿ ಬಂದದ್ದು ಆ ಗುಳಿಗೆಯಿಂದಲೇ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರಗಳಲ್ಲಿ ಇವು ಕಡಿಮೆ ಬೆಲೆಗೆ ದೊರೆಯುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಆಘಾತದ ಬಳಿಕ ಧೂಮಪಾನ ಬಿಟ್ಟವರಲ್ಲಿ ಸಾವು ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಯಾವ ದುಬಾರಿ ಗುಳಿಗೆಗೂ ಇದು ಕಡಿಮೆಯಲ್ಲ.

ಹಾಗೆಂದು ಎದೆಗೆ ಏನೂ ಆಗದವರು ಕೂಡ ದಿನವೂ ಆಸ್ಪಿರಿನ್ ನುಂಗಲು ಹೊರಡಬೇಡಿರಿ. 2018ರಲ್ಲಿ ಬಂದ ಮೂರು ದೊಡ್ಡ ಪರೀಕ್ಷೆಗಳಲ್ಲಿ ಅಂಥವರಿಗೆ ರಕ್ತಸ್ರಾವದ ಕೇಡು ಹೆಚ್ಚಿ, ಲಾಭವನ್ನು ನುಂಗಿಹಾಕಿತು. ಅವರಿಗೆ ಟೇಪು, ರಕ್ತದ ಪರೀಕ್ಷೆ, ದಿನಕ್ಕೆ ಅರ್ಧ ತಾಸಿನ ಬಿರುನಡಿಗೆ, ತಟ್ಟೆಯಲ್ಲಿ ಸೊಪ್ಪು ಕಾಳುಗಳು, ಇವೇ ಮದ್ದು. ಮನೆಯಲ್ಲಿ ತಂದೆಗೋ ಅಣ್ಣನಿಗೋ ಎಳೆವಯಸ್ಸಿನಲ್ಲಿ ಆಘಾತವಾಗಿದ್ದರೆ ಉಳಿದವರೆಲ್ಲರೂ ಸಕ್ಕರೆ, ಒತ್ತಡ, ಕೊಬ್ಬುಗಳನ್ನು ಪರೀಕ್ಷಿಸಿಕೊಳ್ಳಬೇಕು.

ಕೊನೆಯದಾಗಿ, ಆಘಾತದ ಗಳಿಗೆಯ ಮಾತು. ಹೃದಯದ ನಾಳವನ್ನು ತೆರೆಯುವ ಚಿಕಿತ್ಸೆಗೆ ನಮ್ಮ ಭಾಗದವರು ಬಹುಕಾಲದಿಂದ ಹುಬ್ಬಳ್ಳಿ, ಧಾರವಾಡ, ಇಲ್ಲವೆ ದಾವಣಗೆರೆಯ ದಾರಿ ಹಿಡಿಯುತ್ತ ಬಂದಿದ್ದಾರೆ. ಹಾವೇರಿಯಿಂದ ಹುಬ್ಬಳ್ಳಿ 70 ಕಿಲೋಮೀಟರಿಗೂ ಹೆಚ್ಚು. ಅಷ್ಟು ಹೊತ್ತು ಹೃದಯದ ಸ್ನಾಯು ಕಾಯುವುದಿಲ್ಲ. ಇದಕ್ಕಾಗಿಯೇ ರಾಜ್ಯ ಸರಕಾರವು ‘ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು 2024ರಲ್ಲಿ ಜಾರಿಗೆ ತಂದಿತು. ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೆ ಓದುತ್ತಾರೆ. ದೊಡ್ಡ ಆಘಾತವೆಂದು ತಿಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ಈ ಮದ್ದಿನ ಫಲ ಮೊದಲ ಎರಡು ಮೂರು ತಾಸುಗಳಲ್ಲಿ ಹೆಚ್ಚು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಏರ್ಪಾಡು ಹೇಗಿದೆಯೆಂದು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದಿಟ್ಟುಕೊಳ್ಳಿರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು. ಎದೆಯ ಭಾರ ಹತ್ತು ಹದಿನೈದು ನಿಮಿಷಕ್ಕೂ ಇಳಿಯದೆ, ಬೆವರು, ಏದುಸಿರು, ಕೈ ಅಥವಾ ದವಡೆಯ ಸೆಳೆತ ಕೂಡಿದ್ದರೆ, ಗ್ಯಾಸೇ ಇರಲಿ, 108ಕ್ಕೆ ಕರೆ ಮಾಡಿರಿ, ಇಸಿಜಿ ತೆಗೆಸಿರಿ. ಹೆಂಗಸರಲ್ಲಿ ಬರಿಯ ಏದುಸಿರು, ವಿಪರೀತ ದಣಿವು, ಬೆನ್ನುನೋವು ಇದ್ದೀತು. ಅದನ್ನು ಮನೆಗೆಲಸದ ಆಯಾಸವೆಂದು ತಳ್ಳಿಹಾಕಬೇಡಿರಿ. ಆಸ್ಪಿರಿನ್ ಅಗಿಯುವುದು ವೈದ್ಯರ ಅಥವಾ 108ರ ಸಿಬ್ಬಂದಿಯ ಸೂಚನೆಯ ಮೇಲಿರಲಿ. ರೋಗಿಯನ್ನು ನಡೆಸಬೇಡಿರಿ, ಅವನೇ ಬೈಕು ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಮೊದಲಿನ ನಮ್ಮ ಗುಮಾಸ್ತನ ಬಳಿಗೆ ಮತ್ತೆ ಹೋಗೋಣ. ಅವನು ಗಾದಿಗೆ ಒರಗುವ ಮೊದಲೇ ಪಕ್ಕದ ಹಮಾಲನೊಬ್ಬ ಅವನ ತಣ್ಣನೆಯ ಬೆವರನ್ನು ಕಂಡು, “ಸಾವಕಾರ್ರ, ಇದು ಗ್ಯಾಸ್ ಅಲ್ರೀ, ದವಾಖಾನಿಗೆ ನಡೀರಿ” ಎಂದನೆನ್ನಿರಿ. ಇಸಿಜಿ ಆಯಿತು, ಚುಚ್ಚುಮದ್ದು ಸಿಕ್ಕಿತು, ಮುಂದಿನ ಆಸ್ಪತ್ರೆಗೂ ಹೋಗಿ ಬಂದನು. ಇನ್ನು ಅವನ ಆಯುಷ್ಯ ಯಾರ ಕೈಯಲ್ಲಿದೆ? ವೈದ್ಯರ ಕೈಯಲ್ಲಿ ಒಂದು ಪಾಲು. ಉಳಿದುದು, ದಿನವೂ ರಾತ್ರಿ ಊಟವಾದ ಮೇಲೆ “ಗುಳಿಗಿ ತಗೊಂಡ್ರೇನು?” ಎಂದು ಕೇಳುವ ಮನೆಯವರ ಕೈಯಲ್ಲಿ, ಅವನಿಗೆ ಸಿಗರೇಟು ಚಾಚದ ಗೆಳೆಯರ ಕೈಯಲ್ಲಿ, ಎಲ್ಲಕ್ಕೂ ಹೆಚ್ಚಾಗಿ ಅವನ ಕೈಯಲ್ಲಿ.